ಒಂದು ಪೆಟ್ಟು ಹೆಚ್ಚು

2009ರ ಫೆಬ್ರವರಿಯಲ್ಲಿ ನಾನು ಗೋವಾದ ವಾಸ್ಕೋದಲ್ಲಿ ಒಂದು ಸಣ್ಣ ನೆಟ್‌ವರ್ಕ್ ಕಂಪನಿಯ ಸೀನಿಯರ್ ಟೆಕ್ನಿಷಿಯನ್ ಆಗಿದ್ದೆ. ಹುದ್ದೆಯ ಹೆಸರು ಕೇಳಿ ದೊಡ್ಡದೇನೋ ಎಂದುಕೊಳ್ಳಬೇಡಿ. ಕಂಪನಿಯಲ್ಲಿ ಇದ್ದವರೇ ಮೂರು ಜನ: ಮಾಲೀಕರು, ಅಂಗಡಿಯ ಕೌಂಟರಿನಲ್ಲಿ ಕೂರುವ ಅವರ ಹೆಂಡತಿ, ಮತ್ತು ನಾನು. ಸೀನಿಯರೂ ನಾನೇ, ಜೂನಿಯರೂ ನಾನೇ, ಏಣಿ ಹೊರುವವಳೂ ನಾನೇ. ಗದಗಿನಲ್ಲಿ ಡಿಪ್ಲೊಮಾ ಮುಗಿಸಿ ಬಂದು ಆಗಲೇ ಏಳು ವರ್ಷವಾಗಿತ್ತು. ನನ್ನ ಕೆಲಸ ನನಗೆ ಚೆನ್ನಾಗಿ ಬರುತ್ತದೆ ಎಂಬ ಸೊಕ್ಕೂ ಸಾಕಷ್ಟಿತ್ತು.

ಆ ತಿಂಗಳು ನಮಗೆ ಸಿಕ್ಕ ಕೆಲಸ ಝುವಾರಿ ನದಿಯ ದಂಡೆಯಲ್ಲಿದ್ದ ಒಂದು ಬಾರ್ಜ್ ರಿಪೇರಿ ಯಾರ್ಡಿನದು. ಬಾರ್ಜ್ ಎಂದರೆ ಒಳನಾಡಿನ ಧಕ್ಕೆಗಳಿಂದ ಮುರ್ಮುಗಾಂವ್ ಬಂದರಿನವರೆಗೆ ಕಬ್ಬಿಣದ ಅದಿರು ಹೊತ್ತು ತರುವ ಚಪ್ಪಟೆ ಹಡಗು. ಆಗ ಅದಿರಿನ ಭರಾಟೆಯ ಕಾಲ. ಉಪ್ಪುನೀರಿನಲ್ಲಿ ದುಡಿದು ತುಕ್ಕು ಹಿಡಿದ ಬಾರ್ಜ್‌ಗಳನ್ನು ಹಳಿಗಳ ಮೇಲೆ ದಂಡೆಗೆ ಎಳೆದು, ತುಕ್ಕು ಕೆತ್ತಿ, ತಗಡು ಬದಲಿಸಿ, ಬಣ್ಣ ಬಳಿದು ಮತ್ತೆ ನೀರಿಗೆ ಬಿಡುತ್ತಿದ್ದರು. ಕೆತ್ತುವವರು, ಬಳಿಯುವವರು ಬಹುತೇಕ ನಮ್ಮ ಕಡೆಯವರೇ. ಬಾಗಲಕೋಟೆ, ವಿಜಯಪುರದ ಕಡೆಯಿಂದ ಬಂದವರು. ಅವರ ಮಾತು ಬರುತ್ತದೆ ಎಂಬ ಒಂದೇ ಕಾರಣಕ್ಕೆ ಯಾರ್ಡಿನವರು ನನ್ನನ್ನೇ ಕಳಿಸಿ ಎಂದು ಕೇಳಿದ್ದರು.

ಬಾರ್ಜಿನ ಹೊಟ್ಟೆಯ ಅಡಿಯಲ್ಲಿ, ಎರಡು ತಳಗಳ ನಡುವೆ, ಸಾಲಾಗಿ ಖಾಲಿ ಕೋಣೆಗಳಿರುತ್ತವೆ. ಅವಕ್ಕೆ ಟ್ಯಾಂಕ್ ಎನ್ನುತ್ತಾರೆ. ಎದ್ದು ನಿಲ್ಲಲು ಆಗದ ಎತ್ತರ, ಕಣ್ಣಿಗೆ ಕಣ್ಣು ಕಾಣದ ಕತ್ತಲು. ಒಳಗೆ ಇಳಿಯಲು ಹೆಗಲು ಹಿಡಿಯುವಷ್ಟೇ ಅಗಲದ ಒಂದು ಮ್ಯಾನ್‌ಹೋಲ್. ಕೆಲಸ ಮುಗಿದ ಮೇಲೆ ಅದಕ್ಕೆ ಉಕ್ಕಿನ ಮುಚ್ಚಳ ಹಾಕಿ, ಹದಿನಾರು ಬೋಲ್ಟ್ ಬಿಗಿದು, ಸೋರುತ್ತದೆಯೋ ಎಂದು ನೋಡಲು ಟ್ಯಾಂಕಿಗೆ ನೀರು ತುಂಬಿಸುತ್ತಾರೆ. ಆಗ ಒಳಗೆ ಒಬ್ಬ ಮನುಷ್ಯ ಉಳಿದಿದ್ದರೆ ಏನಾಗುತ್ತದೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗದಿರಲಿ ಎಂದು ಅಲ್ಲಿ ಮೊದಲಿನಿಂದ ಒಂದು ಮರದ ಹಲಗೆ ಇತ್ತು. ಒಳಗೆ ಹೋಗುವವನು ತನ್ನ ನಂಬರಿನ ತಗಡಿನ ಬಿಲ್ಲೆಯನ್ನು ಹಲಗೆಯ ಮೊಳೆಗೆ ನೇತುಹಾಕಿ ಹೋಗಬೇಕು, ಹೊರಗೆ ಬಂದಾಗ ತೆಗೆದುಕೊಳ್ಳಬೇಕು. ವಿಮೆಯವರಿಗೆ ಇದು ಸಾಲಲಿಲ್ಲ, ಕಂಪ್ಯೂಟರ್ ದಾಖಲೆ ಬೇಕೆಂದರು. ಹಾಗಾಗಿ ಪ್ರತಿಯೊಬ್ಬನ ಕೊರಳಿಗೂ ಬಾರ್‌ಕೋಡ್ ಇರುವ ಕಾರ್ಡ್ ಬಂತು. ಮ್ಯಾನ್‌ಹೋಲಿನ ಬಾಯಿಗೆ ಹಗ್ಗದಲ್ಲಿ ಒಂದು ಕೈ ಸ್ಕ್ಯಾನರ್ ಕಟ್ಟಿದರು, ಕೆಟ್ಟರೆ ಇರಲಿ ಎಂದು ಇನ್ನೊಂದನ್ನು ಆಫೀಸಿನಲ್ಲಿಟ್ಟರು. ಇಳಿಯುವಾಗ ಒಮ್ಮೆ, ಹತ್ತಿದಾಗ ಒಮ್ಮೆ ಕಾರ್ಡ್ ತೋರಿಸಬೇಕು. ಸ್ಕ್ಯಾನರ್ ಅದನ್ನು ಗಾಳಿಯಲ್ಲೇ ಸೇಫ್ಟಿ ಆಫೀಸಿನ ಕಂಪ್ಯೂಟರಿಗೆ ಕಳಿಸುತ್ತದೆ, ಟ್ಯಾಂಕಿನಲ್ಲಿ ಈಗ ಎಷ್ಟು ಜನ ಎಂದು ಪರದೆಯ ಮೇಲೆ ದೊಡ್ಡ ಅಂಕಿಯಲ್ಲಿ ಕಾಣುತ್ತದೆ. ಈ ಗಾಳಿಯ ದಾರಿಯನ್ನು ಹಾಕಿಕೊಡುವುದು ನನ್ನ ಪಾಲಿನ ಕೆಲಸವಾಗಿತ್ತು.

ಆ ದಾರಿಯ ಬಾಗಿಲೇ ಆಕ್ಸೆಸ್ ಪಾಯಿಂಟ್. ಎರಡು ಕೊಂಬಿನ ಒಂದು ಡಬ್ಬಿ. ಒಂದು ಕಡೆ ಕೇಬಲ್, ಇನ್ನೊಂದು ಕಡೆ ಗಾಳಿ. ಸ್ಟೋರಿನ ಗೋಡೆಗೆ ಎಂಟು ಅಡಿ ಎತ್ತರದಲ್ಲಿ ಅದನ್ನು ಹೊಡೆದೆ. ಪ್ರತಿ ಆಕ್ಸೆಸ್ ಪಾಯಿಂಟ್ ತನ್ನ ಹೆಸರನ್ನು ಸಾರುತ್ತಿರುತ್ತದೆ, ಆ ಹೆಸರು ಕೇಳಿದ ಯಂತ್ರಗಳು ಬಂದು ಸೇರಿಕೊಳ್ಳುತ್ತವೆ. ಹೊರಗಿನವರು ಸೇರಿಕೊಳ್ಳದಿರಲು ಎರಡು ದಾರಿಗಳಿದ್ದವು. ಒಂದು, ಗಟ್ಟಿಯಾದ ಪಾಸ್‌ವರ್ಡ್ ಕೇಳುವ ಡಬ್ಲ್ಯುಪಿಎ2 ವಿಧಾನ. ಅದಕ್ಕೆ ಸ್ಕ್ಯಾನರ್‌ಗಳಿಗೆ ಹೊಸ ಸಾಫ್ಟ್‌ವೇರ್ ತುಂಬಿಸಿ, ಅವುಗಳ ಬಟಾಣಿ ಕಾಳಿನಂಥ ಗುಂಡಿಗಳಲ್ಲಿ ಉದ್ದನೆಯ ಪಾಸ್‌ವರ್ಡ್ ಒತ್ತುತ್ತಾ ಕೂರಬೇಕಿತ್ತು. ಇನ್ನೊಂದು ಸುಲಭದ್ದು. ಪ್ರತಿ ವೈರ್‌ಲೆಸ್ ಯಂತ್ರಕ್ಕೂ ಕಾರ್ಖಾನೆಯಲ್ಲೇ ಹನ್ನೆರಡು ಅಕ್ಷರಗಳ ಒಂದು ವಿಳಾಸ ಕೊಟ್ಟಿರುತ್ತಾರೆ. ನಮ್ಮ ಎರಡು ಸ್ಕ್ಯಾನರ್‌ಗಳ ವಿಳಾಸವನ್ನು ಡಬ್ಬಿಯ ಪಟ್ಟಿಯಲ್ಲಿ ಬರೆದು, ಇವೆರಡನ್ನು ಬಿಟ್ಟು ಬೇರೆ ಯಾರನ್ನೂ ಸೇರಿಸಬೇಡ ಎಂದರೆ ಮುಗಿಯಿತು. ನಾನು ಸುಲಭದ್ದನ್ನು ಮಾಡಿದೆ. ಪಾಸ್‌ವರ್ಡ್ ಮುಂದಿನ ವಾರ ಹಾಕೋಣ ಎಂದುಕೊಂಡೆ. ಡಬ್ಬಿಯ ಹೆಸರನ್ನೂ ಬದಲಿಸಲಿಲ್ಲ, ಕಾರ್ಖಾನೆಯಿಂದ ಬಂದ ಹೆಸರೇ ಇರಲಿ, ಹೆಸರಿನಲ್ಲೇನಿದೆ ಎಂದು ಬಿಟ್ಟೆ.

ಕೆಲಸಗಾರರಿಗೆ ಸ್ಕ್ಯಾನರ್ ಬಳಸುವುದನ್ನು ತೋರಿಸಿಕೊಟ್ಟ ದಿನವೇ ನಾನು ಹನಮಪ್ಪ ಕಾಕಾನನ್ನು ಮೊದಲು ನೋಡಿದ್ದು. ಹನ್ನೊಂದು ಜನರ ಗ್ಯಾಂಗಿಗೆ ಮುಕಾದಮ, ಅಂದರೆ ಮೇಸ್ತ್ರಿ. ಹುನಗುಂದದ ಕಡೆಯವರು, ಐವತ್ತೈದರ ಆಸುಪಾಸು. ಬಾಯ್ನಾದ ಸಮುದ್ರ ದಂಡೆಯಲ್ಲಿದ್ದ ಮನೆಯನ್ನು ಸರ್ಕಾರದವರು ಕೆಡವಿದ ಮೇಲೆ ಝುವಾರಿನಗರಕ್ಕೆ ಬಂದಿದ್ದರು. ಕೆತ್ತುವ ಸುತ್ತಿಗೆಯ ಸದ್ದಿನಲ್ಲಿ ಮೂವತ್ತು ವರ್ಷ ಕಳೆದ ಕಿವಿಗಳಾದ್ದರಿಂದ ಎಲ್ಲವನ್ನೂ ಎರಡು ಸಲ ಹೇಳಬೇಕಾಗುತ್ತಿತ್ತು. ಎಲ್ಲರೂ ಕಾರ್ಡ್ ತೋರಿಸಿ, ಬೀಪ್ ಕೇಳಿ, ನಕ್ಕು ಹೋದರು. ಅವರೊಬ್ಬರು ನಿಂತರು.

"ಬಾಯಾರ, ಇದು ಬೀಪ್ ಅಂತು. ಅಲ್ಲಿ ಗ್ವಾಡಿ ಮ್ಯಾಲಿನ ಡಬ್ಬಿಗೆ ಇದರ ಮಾತು ಮುಟ್ಟೈತಿ ಅಂತ ಇದಕ್ಕ ಹೆಂಗ ಗೊತ್ತಾತ್ರಿ?"

"ಮುಟ್ಟಿದ್ದಕ್ಕ ಬೀಪ್ ಅಂತೈತ್ರಿ ಕಾಕಾ," ಎಂದೆ.

ಅದು ಸುಳ್ಳು. ಬೇಕೆಂದು ಹೇಳಿದ ಸುಳ್ಳಲ್ಲ, ಮುದುಕನಿಗೆ ಇಷ್ಟು ಸಾಕು ಎಂದು ಹೇಳಿದ್ದು. ಸ್ಕ್ಯಾನರ್ ಬೀಪ್ ಎಂದರೆ ಅದು ಕಾರ್ಡನ್ನು ಓದಿತು ಎಂದಷ್ಟೇ ಅರ್ಥ. ಸುದ್ದಿ ಆಫೀಸಿಗೆ ತಲುಪಿತೋ ಇಲ್ಲವೋ ಆ ಬೀಪ್‌ಗೆ ಗೊತ್ತಿರುವುದಿಲ್ಲ. ತಲುಪದಿದ್ದರೆ ಸ್ಕ್ಯಾನರ್ ಅದನ್ನು ತನ್ನೊಳಗೇ ಇಟ್ಟುಕೊಂಡು, ದಾರಿ ಸಿಕ್ಕಾಗ ಕಳಿಸುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಕಾಕಾ ಮತ್ತೇನೂ ಕೇಳಲಿಲ್ಲ. ಆದರೆ ಆ ಸಂಜೆ ಒಂದು ಟ್ಯಾಂಕ್ ಮುಚ್ಚುವಾಗ ಅವರು ಸುತ್ತಿಗೆ ಹಿಡಿದು ಡೆಕ್ಕಿನ ಮೇಲೆ ಮಂಡಿಯೂರಿ ಕುಳಿತು ಠಣ್ ಠಣ್ ಎಂದು ಹೊಡೆದು, ಕಿವಿಯನ್ನು ಉಕ್ಕಿಗೆ ಒತ್ತಿದ್ದನ್ನು ನೋಡಿದೆ. ಪರದೆ ಸೊನ್ನೆ ತೋರಿಸುತ್ತಿದ್ದಾಗ ಇದೇನು ಎಂದು ನನಗೆ ನಗು ಬಂತು. ಎಲ್ಲರೂ ಬಾಬ್ ಎಂದು ಗೌರವದಿಂದ ಕರೆಯುತ್ತಿದ್ದ ಸೇಫ್ಟಿ ಆಫೀಸರ್ ಫ್ರಾನ್ಸಿಸ್ ಸಹ ನಕ್ಕು, ಇನ್ನು ಮೇಲೆ ಬಿಲ್ಲೆ ಹಲಗೆ ಬೇಡ, ಇದೂ ಬೇಡ, ಸುಮ್ಮನೆ ಹೊತ್ತು ಹಾಳು ಎಂದರು. ನಾನು ತಲೆಯಾಡಿಸಿದೆ. ಮರುದಿನ ಹಲಗೆ ಸ್ಟೋರಿನ ಹಿಂದಕ್ಕೆ ಹೋಯಿತು.

ಎರಡು ವಾರ ಎಲ್ಲವೂ ಸರಿಯಾಗಿ ನಡೆಯಿತು. ಮೂರನೇ ವಾರದ ಶುಕ್ರವಾರ ಕೆಲಸ ಮುಗಿದ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಲು ಮಧ್ಯಾಹ್ನ ಯಾರ್ಡಿಗೆ ಹೋದೆ. ಅಲ್ಲಿ ಎಲ್ಲರೂ ಓಡಾಡುತ್ತಿದ್ದರು. ದಂಡೆಯಲ್ಲಿದ್ದ ಬಾರ್ಜನ್ನು ಸಂಜೆ ಆರರ ಉಬ್ಬರಕ್ಕೆ ನೀರಿಗೆ ಬಿಡಬೇಕು. ಅಷ್ಟರೊಳಗೆ ಮೂರನೇ ಟ್ಯಾಂಕನ್ನು ಮುಚ್ಚಿ ನೀರು ತುಂಬಿಸಿ ನೋಡಬೇಕು. ಈ ಉಬ್ಬರ ತಪ್ಪಿದರೆ ಬಾರ್ಜ್ ಮತ್ತೂ ಅಲ್ಲೇ ಕೂರಬೇಕು. ಬಣ್ಣದ ಕೆಲಸ ಊಟಕ್ಕೆ ಮುಂಚೆಯೇ ಮುಗಿದು ಎಲ್ಲರೂ ಹೊರಗೆ ಬಂದಿದ್ದರು. ಮೂರು ಗಂಟೆ ಹತ್ತು ನಿಮಿಷಕ್ಕೆ ಫ್ರಾನ್ಸಿಸ್ ಬಾಬ್ ಪರದೆ ನೋಡಿದರು. ನಾನೂ ನೋಡಿದೆ. ಸೊನ್ನೆ.

ನಾವಿಬ್ಬರೂ ಡೆಕ್ಕಿಗೆ ಹತ್ತಿದೆವು. ಇಬ್ಬರು ಮುಚ್ಚಳವನ್ನು ಎತ್ತಿ ತಂದಿದ್ದರು. ಆದರೆ ಮ್ಯಾನ್‌ಹೋಲಿನ ಬಾಯಿಯ ಮೇಲೆ ಹನಮಪ್ಪ ಕಾಕಾನ ಕೆಂಪು ಅಂಚಿನ ಟವೆಲ್ ಹಾಸಿತ್ತು. ಆ ಗ್ಯಾಂಗಿನಲ್ಲಿ ಒಂದು ಕಟ್ಟಳೆ: ಮುಕಾದಮನ ಟವೆಲ್ ಬಿದ್ದ ತೂತನ್ನು ಅವರು ಟವೆಲ್ ಎತ್ತುವವರೆಗೆ ಯಾರೂ ಮುಚ್ಚುವಂತಿಲ್ಲ. ಮುಚ್ಚಳ ಹಿಡಿದವರು ಹಿಡಿದಂತೆಯೇ ನಿಂತಿದ್ದರು.

"ಝೀರೋ ಆಸಾ ರೇ, ಬಂದ್ ಕರ್," ಎಂದು ಫ್ರಾನ್ಸಿಸ್ ಬಾಬ್ ಕೊಂಕಣಿಯಲ್ಲಿ ಗದರಿದರು, ಸೊನ್ನೆ ಇದೆ, ಮುಚ್ಚು ಎಂದು.

ನಾನೂ ಸೇರಿಸಿದೆ: "ಕಾಕಾ, ಕಂಪ್ಯೂಟರಿನಾಗ ಸೊನ್ನಿ ಐತ್ರಿ. ಒಳಗ ಯಾರೂ ಇಲ್ಲ."

"ಕಂಪ್ಯೂಟರಿನಾಗ ಇಲ್ಲ ಬಾಯಾರ. ಟ್ಯಾಂಕಿನಾಗ ಕೇಳತೇನಿ, ಎರಡ ಮಿಂಟ," ಎಂದರು ಕಾಕಾ. ಕೈಯೆತ್ತಿ ಕಂಪ್ರೆಸರ್ ನಿಲ್ಲಿಸಲು ಸನ್ನೆ ಮಾಡಿದರು. ಮಂಡಿಯೂರಿ ಕುಳಿತು ಡೆಕ್ಕಿಗೆ ನಾಲ್ಕು ಪೆಟ್ಟು ಹೊಡೆದರು.

ಉಕ್ಕಿನ ಹೊಟ್ಟೆ ಆ ನಾಲ್ಕನ್ನೇ ಮಂದವಾಗಿ ತಿರುಗಿ ಗುನುಗಿತು. "ನಾಲ್ಕು ಬಂತಲ್ರಿ!" ಎಂದೆ ನಾನು, ಗಾಬರಿಯಿಂದ. "ಅದು ಹಡಗ," ಎಂದರು ಕಾಕಾ, ತಲೆ ಎತ್ತದೆ. ಹತ್ತು ಹೆಜ್ಜೆ ಮುಂದೆ ಹೋಗಿ, ಟ್ಯಾಂಕಿನ ಕೊನೆಯ ಭಾಗದ ಮೇಲೆ ಕುಳಿತು ಮೂರು ಪೆಟ್ಟು ಹೊಡೆದು ಕಿವಿ ಒತ್ತಿದರು. ಮಾತು ಕೇಳದ ಆ ಕಿವಿಗೂ ಉಕ್ಕಿನ ಕಂಪನ ತಿಳಿಯುತ್ತಿತ್ತು.

ಮೊದಲು ಉಕ್ಕಿನ ಗುನುಗು ಬಂದು ಅಡಗಿತು. ಆಮೇಲೆ ಏನೂ ಇಲ್ಲ. ಫ್ರಾನ್ಸಿಸ್ ಬಾಬ್ ಕೈಗಡಿಯಾರ ನೋಡಿಕೊಂಡರು. ಆಮೇಲೆ ಕೆಳಗಿನಿಂದ, ಬಹಳ ಮೆಲ್ಲಗೆ, ಒಂದು. ಎರಡು. ಮೂರು. ಅಷ್ಟಕ್ಕೇ ನಿಂತಿತು. ಕಾಕಾ ಕಣ್ಣು ಮುಚ್ಚಿ ಕಾಯುತ್ತಿದ್ದರು. ನಾಲ್ಕು.

ಕಾಕಾ ತಕ್ಷಣ ಐದು ಪೆಟ್ಟು ಹೊಡೆದರು. ಒಳಗಿನಿಂದ ಒಂದೇ ಒಂದು ಪೆಟ್ಟು ಬಂತು. ಅವರು ಎದ್ದು ನಿಂತು ಕೂಗಿದ ಕೂಗು ನದಿಯ ಆಚೆ ದಂಡೆಗೂ ಕೇಳಿಸಿರಬೇಕು: "ಮನಷ್ಯಾ ಅದಾನು! ಮದಲ ಗಾಳಿ ಬಿಡ್ರಿ! ಹಗ್ಗ ಇಲ್ದ ಯಾಂವನೂ ಇಳೀಬ್ಯಾಡ್ರಿ!"

ಫ್ರಾನ್ಸಿಸ್ ಬಾಬ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ತಾವೇ ಓಡಿ ಹೋಗಿ ಬ್ಲೋವರಿನ ಕೊಳವೆ ಎಳೆದು ತಂದರು. ಹೊಸ ಬಣ್ಣದ ಹಬೆ ತುಂಬಿದ ಟ್ಯಾಂಕಿಗೆ ಹಾಗೇ ಇಳಿದವನು ಇನ್ನೊಂದು ಹೆಣವಾಗುತ್ತಾನೆ ಎಂದು ಆಮೇಲೆ ತಿಳಿಯಿತು. ಗಾಳಿ ಆಡುವವರೆಗೆ ಕಾಯಲೇಬೇಕು. ಕಾಯುವಷ್ಟು ಹೊತ್ತೂ ಕಾಕಾ ಒಳಗಿನವನನ್ನು ಬಿಡಲಿಲ್ಲ. ಎರಡು ಹೊಡೆದರು, ಮೂರು ಬಂತು. ಆರು ಹೊಡೆದರು, ತಡವಾಗಿ ಏಳು ಬಂತು. ಪ್ರತಿ ಸಲವೂ ಬೇರೆ ಅಂಕಿ. "ಎಣಿಸಾಕ ಹಚ್ಚಬೇಕ್ರಿ ಅವಂಗ. ಎಣಿಸಾಂವಗ ನಿದ್ದಿ ಹತ್ತೂದಿಲ್ಲ," ಎಂದರು ನನಗೆ. ಹನ್ನೊಂದು ನಿಮಿಷ ಹೀಗೆ ನಡೆಯಿತು. ಹಣೆಯ ಬೆವರು ಡೆಕ್ಕಿನ ಮೇಲೆ ತೊಟ್ಟಿಕ್ಕುತ್ತಿದ್ದರೂ ಅವರ ಎಣಿಕೆ ಒಮ್ಮೆಯೂ ತಪ್ಪಲಿಲ್ಲ.

ಆಮೇಲೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡ ಇಬ್ಬರು ಇಳಿದರು. ಮೂರು ಗಂಟೆ ಮೂವತ್ತೆರಡಕ್ಕೆ ಮೌಲಾಲಿಯನ್ನು ಮೇಲಕ್ಕೆ ಎತ್ತಿದರು. ಆತ ತಾಳಿಕೋಟೆಯ ಕಡೆಯವನು, ಮೂರು ಹೆಣ್ಣುಮಕ್ಕಳ ತಂದೆ, ಗ್ಯಾಂಗಿನಲ್ಲಿ ಎಲ್ಲರಿಗಿಂತ ಅಚ್ಚುಕಟ್ಟು ಎಂದು ಹೆಸರಾದವನು. ಶುಕ್ರವಾರವಾದ್ದರಿಂದ ಊಟದ ಹೊತ್ತಿಗೆ ನಮಾಜಿಗೆ ಹೋಗಿದ್ದ, ಇನ್ನೂ ಬಂದಿಲ್ಲ ಎಂದೇ ಎಲ್ಲರೂ ತಿಳಿದಿದ್ದರು. ಆತ ಬಂದಿದ್ದ. ತನ್ನ ಹೆಸರಿನಲ್ಲಿ ಪಡೆದ ಕೈದೀಪ ಒಳಗೇ ಉಳಿದಿದೆ ಎಂದು ನೆನಪಾಗಿ, ಮ್ಯಾನ್‌ಹೋಲಿನ ಕಾವಲಿನವನು ಹಳಿಗೆ ಗ್ರೀಸ್ ಹಚ್ಚಲು ಹೋಗಿದ್ದ ಹೊತ್ತಿನಲ್ಲಿ, ಒಬ್ಬನೇ ಇಳಿದಿದ್ದ. ದೀಪ ಕೊನೆಯ ಭಾಗದಲ್ಲಿತ್ತು. ಅಲ್ಲಿ ತಲೆ ತಿರುಗಿ ಕುಳಿತವನಿಗೆ ಏಳಲಾಗಲಿಲ್ಲ. ಕೂಗಲು ದನಿಯೂ ಹೊರಡಲಿಲ್ಲ. ಕೈಗೆ ದೀಪದ ಕಬ್ಬಿಣದ ಹಿಡಿಕೆ ಸಿಕ್ಕಿತ್ತು.

ಗಾಳಿಯಲ್ಲಿ ಮಲಗಿಸಿ ಮುಖಕ್ಕೆ ನೀರು ಹಾಕಿದಾಗ ಆತ ಕಣ್ಣು ಬಿಟ್ಟು ನನ್ನ ಕಡೆ ನೋಡಿ ಮೊದಲು ಹೇಳಿದ್ದು ಇದು: "ನಾ ಕಾರ್ಡ್ ತೋರಿಸೀನ್ರಿ ಬಾಯಾರ. ಬೀಪ್ ಅಂತ್ರಿ."

ಆತ ಒಂದು ತಪ್ಪನ್ನೂ ಮಾಡಿರಲಿಲ್ಲ ಎಂದಲ್ಲ. ಒಬ್ಬನೇ ಇಳಿದದ್ದು ತಪ್ಪೇ. ಆದರೆ ನಾನು ಹೇಳಿಕೊಟ್ಟಿದ್ದನ್ನು ಆತ ಅಕ್ಷರಶಃ ಮಾಡಿದ್ದ. ನನ್ನ ಬೀಪನ್ನು ನಂಬಿ ಕತ್ತಲಿಗೆ ಇಳಿದಿದ್ದ.

ಆತನನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ಯಾರೋ ಸ್ಕ್ಯಾನರನ್ನು ಬಿಚ್ಚಿ ಸೇಫ್ಟಿ ಆಫೀಸಿಗೆ ತಂದಿಟ್ಟರು. ನಾನು ಪರದೆಯ ಎದುರಿಗೇ ಕುಳಿತಿದ್ದೆ. ಮೂರು ಗಂಟೆ ಐವತ್ತಕ್ಕೆ, ನಮ್ಮ ಕಣ್ಣೆದುರೇ, ಪರದೆಯ ಸೊನ್ನೆ ಒಂದಾಯಿತು. ಪಕ್ಕದಲ್ಲಿ ಹೆಸರು ಬಂತು: ಮೌಲಾಲಿ, ಇಳಿದ ಸಮಯ ಎರಡು ಗಂಟೆ ನಲವತ್ತೊಂದು. ಆತ ಒಳಗಿದ್ದಷ್ಟು ಹೊತ್ತೂ ಯಾರೂ ಇಲ್ಲ ಎಂದಿದ್ದ ಯಂತ್ರ, ಆತ ಆಸ್ಪತ್ರೆಯ ದಾರಿ ಹಿಡಿದ ಮೇಲೆ ಒಳಗಿದ್ದಾನೆ ಎಂದಿತು. ಫ್ರಾನ್ಸಿಸ್ ಬಾಬ್ ಪರದೆಯನ್ನು ನೋಡಿದರು, ನನ್ನನ್ನು ನೋಡಿದರು, ಹೊರಗೆ ಹೋದರು.

ನಾನು ಲ್ಯಾಪ್‌ಟಾಪ್ ಹಿಡಿದು ಮತ್ತೆ ಡೆಕ್ಕಿಗೆ ಹತ್ತಿದೆ. ಮ್ಯಾನ್‌ಹೋಲಿನ ಪಕ್ಕ ಕುಳಿತು ಗಾಳಿಯಲ್ಲಿ ಯಾವ ಯಾವ ನೆಟ್‌ವರ್ಕ್ ಇವೆ ಎಂದು ಹುಡುಕಿದೆ. ಒಂದೇ ಹೆಸರಿನ ಎರಡು ಕಂಡವು. ಒಂದು ನನ್ನದು, ಸಿಗ್ನಲ್ ಮೈನಸ್ 71. ಇನ್ನೊಂದು ಮೈನಸ್ 48. ಈ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಜೋರು ಎಂದರ್ಥ. ಬುಧವಾರ ಬಾರ್ಜನ್ನು ಕಾಂಪೌಂಡ್ ಗೋಡೆಯ ಪಕ್ಕದ ಹಳಿಗೆ ಸರಿಸಿದ್ದರು. ಗೋಡೆಯ ಆಚೆ ಒಂದು ಡೀಸೆಲ್ ಎಂಜಿನ್ ವರ್ಕ್‌ಶಾಪ್. ಅವರು ಈ ಶುಕ್ರವಾರ ಮಧ್ಯಾಹ್ನವಷ್ಟೇ ಒಂದು ಹೊಸ ಆಕ್ಸೆಸ್ ಪಾಯಿಂಟಿನ ಪೆಟ್ಟಿಗೆ ಬಿಚ್ಚಿ ಕಿಟಕಿಯಲ್ಲಿಟ್ಟು ಪ್ಲಗ್ ಹಾಕಿದ್ದರು. ಅದೇ ಕಂಪನಿಯದು, ಅದೇ ಮಾದರಿ, ಕಾರ್ಖಾನೆಯ ಅದೇ ಹೆಸರು. ಕೊಂಡದ್ದು ನಮ್ಮ ಅಂಗಡಿಯಲ್ಲಿ. ಮಾರಿದವಳು ನಾನು. ಬಂದು ಹಾಕಿಕೊಡಲೇ ಎಂದು ಕೇಳಿದ್ದೆ, ಪ್ಲಗ್ ಹಾಕುವುದಷ್ಟೇ ತಾನೇ, ನಾವೇ ಹಾಕಿಕೊಳ್ಳುತ್ತೇವೆ ಎಂದಿದ್ದರು. ಆಗಲಿ ಎಂದಿದ್ದೆ.

ಆಗಿದ್ದು ಇಷ್ಟೇ. ಸ್ಕ್ಯಾನರಿಗೆ ತನ್ನ ಮನೆಯ ಹೆಸರು ಜೋರಾಗಿ ಕೇಳಿಸಿತು, ಅದು ಆ ಬಾಗಿಲಿಗೆ ಹೋಗಿ ಸೇರಿಕೊಂಡಿತು. ಅಲ್ಲಿ ನಮ್ಮ ಕಂಪ್ಯೂಟರ್ ಸಿಗಲಿಲ್ಲ. ಮೌಲಾಲಿಯ ಸುದ್ದಿಯನ್ನು ತನ್ನೊಳಗೇ ಇಟ್ಟುಕೊಂಡು, ಬೀಪ್ ಎಂದು, ಸುಮ್ಮನಾಯಿತು. ಆಫೀಸಿಗೆ ತಂದಿಟ್ಟ ಮೇಲಷ್ಟೇ ಅದಕ್ಕೆ ನನ್ನ ಡಬ್ಬಿ ಜೋರಾಗಿ ಕೇಳಿಸಿ, ಸುದ್ದಿ ತಲುಪಿತು. ನನ್ನ ಡಬ್ಬಿಗೆ ಹೊರಗಿನವರು ಸೇರದಂತೆ ಪಟ್ಟಿ ಬರೆದಿದ್ದೆ. ನನ್ನ ಸ್ಕ್ಯಾನರ್ ಹೊರಗಿನವರನ್ನು ಸೇರಬಾರದು ಎಂಬುದು ನನ್ನ ತಲೆಗೇ ಹೊಳೆದಿರಲಿಲ್ಲ. ಬಂದವನು ಯಾರು ಎಂದು ಮನೆ ವಿಚಾರಿಸುತ್ತಿತ್ತು. ಇದು ನನ್ನ ಮನೆಯೇ ಹೌದೋ ಎಂದು ಬಂದವನು ವಿಚಾರಿಸುತ್ತಿರಲಿಲ್ಲ.

ಇದಷ್ಟನ್ನೂ ಒಂದು ಕಾಗದದಲ್ಲಿ ಬರೆದು, ತಪ್ಪು ನನ್ನದು ಎಂದು ಕೆಳಗೆ ಸಹಿ ಹಾಕಿ ಫ್ರಾನ್ಸಿಸ್ ಬಾಬ್‌ಗೆ ಕೊಟ್ಟೆ. ಅವರು ಓದಿ, ಮಡಿಚಿ ಜೇಬಿನಲ್ಲಿಟ್ಟುಕೊಂಡು, "ಹಲಗೆ ತೆಗೆಸಿದವನು ನಾನು," ಎಂದರು. ಆ ಸಂಜೆಯ ಉಬ್ಬರ ಬಂತು, ಹೋಯಿತು. ಬಾರ್ಜ್ ಅಲ್ಲೇ ಉಳಿಯಿತು.

ಹೊರಡುವ ಮುಂಚೆ ಕಾಕಾನನ್ನು ಹುಡುಕಿಕೊಂಡು ಹೋದೆ. ನಲ್ಲಿಯ ಪಕ್ಕ ಕೈಕಾಲು ತೊಳೆಯುತ್ತಿದ್ದರು. ಒಂದು ಪೆಟ್ಟು ಯಾಕೆ ಹೆಚ್ಚು ಎಂದು ಕೇಳಿದೆ.

"ಹಡಗ ಖಾಲಿ ಇದ್ರೂ ಮಾತಾಡತೈತ್ರಿ ಬಾಯಾರ. ನಾ ನಾಕ ಹೊಡದ್ರ ಅದೂ ನಾಕ ಅಂತೈತಿ. ಮನಷ್ಯಾ ಆದಂವ ಒಂದ ಹೆಚ್ಚ ಹೊಡೀಬೇಕು. ಆವಾಗ ಗೊತ್ತಾಕ್ಕೈತಿ."

"ದಿನಾ ನಾಕ ಯಾಕ ಹೊಡ್ಯೂದಿಲ್ರಿ? ಅಂಕಿ ಯಾಕ ಬದಲ ಮಾಡ್ತೀರಿ?"

"ದಿನಾ ಅದ ನಾಕ ಹೊಡದ್ರ, ಬಾಜೂ ಟ್ಯಾಂಕಿನಾಗ ಕೆತ್ತಾಕತ್ತಂವಾ ಅಕಸ್ಮಾತ ಐದ ಹೊಡದಿರತಾನು. ನಮ್ಮಂವನ ಅಂತ ನಾವ ತಿಳಕೋತೀವಿ. ಅಂಕಿ ಬದಲಾದ್ರ, ಕೇಳಿಸಿಕೊಂಡಂವಗ ಅಷ್ಟ ಹೇಳಾಕ ಬರತೈತಿ."

"ಮತ್ತ ನೀವು ತಿರುಗಿ ಹೊಡದ್ರಿ? ಅವಾ ನಾಕ ಹೊಡದ ಮ್ಯಾಲೆ ಐದ?"

"ಒಳಗಿದ್ದಂವಗ ಗೊತ್ತಾಗಬೇಕಲ್ರಿ, ನಾನ ಕೇಳೇನಿ ಅಂತ. ಕತ್ತಲದಾಗ ಕುಂತಂವಗ ಮ್ಯಾಲಿನ ಸಪ್ಪಳಾ ಎಲ್ಲಾ ಒಂದ. ನಾನೂ ಒಂದ ಹೆಚ್ಚ ಹೊಡದ್ರ, 'ಮುಕಾದಮಗ ಮುಟ್ಟಿತು, ಇನ್ನ ಮುಚ್ಚೂದಿಲ್ಲ' ಅಂತ ಅವಾ ಜೀಂವಾ ಗಟ್ಟಿ ಹಿಡೀತಾನು. 'ತಿಳೀತು' ಅಂತ ಕಡೀಕ ಒಂದ ಹೊಡೀತಾನು. ಅಲ್ಲಿಗೆ ಮುಗೀತು."

ಯಾರು ಕಲಿಸಿದ್ದು ಎಂದು ಕೇಳಿದೆ. ಕಾಕಾ ಕಾಲು ತೊಳೆಯುತ್ತಲೇ ಹೇಳಿದರು. ತಮ್ಮ ಪ್ರಾಯದಲ್ಲಿ, ಬೇರೊಂದು ಕಡೆಯ ಕೆಲಸದಲ್ಲಿ, ತಮ್ಮೂರಿನವನೊಬ್ಬ ಟ್ಯಾಂಕಿಗೆ ಇಳಿದಿದ್ದ. ಇವರು ಮೇಲಿನಿಂದ ಮೂರು ಹೊಡೆದರು, ಮೂರು ತಿರುಗಿ ಬಂತು. ಹುಷಾರಾಗಿದ್ದಾನೆ, ಆಮೇಲೆ ಬರುತ್ತಾನೆ ಎಂದು ಇವರು ಚಹಾಕ್ಕೆ ಹೋದರು. "ಅದು ಹಡಗ ಆಗಿತ್ತ್ರಿ," ಎಂದರು. ಆಮೇಲೆ ನಲ್ಲಿ ಬಂದ್ ಮಾಡಿದರು.

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಕುಳಿತು, ಮೂರು ವಾರದ ಹಿಂದೆಯೇ ಓದಬೇಕಿದ್ದ ಡಬ್ಲ್ಯುಪಿಎ2 ಕೈಪಿಡಿಯನ್ನು ತೆರೆದೆ. ಆ ವಿಧಾನದಲ್ಲಿ ಡಬ್ಬಿ ಮತ್ತು ಸ್ಕ್ಯಾನರ್ ಒಂದನ್ನೊಂದು ಗುರುತಿಸುವ ಕ್ರಮವನ್ನು ಒಂದು ಚಿತ್ರದಲ್ಲಿ ತೋರಿಸಿದ್ದರು. ಅದರಲ್ಲಿ ಅತ್ತಿಂದಿತ್ತ ನಾಲ್ಕು ಬಾಣಗಳು. ಮೊದಲು ಡಬ್ಬಿ ಒಂದು ಅಂಕಿ ಕಳಿಸುತ್ತದೆ, ಪ್ರತಿ ಸಲ ಹೊಸದು. ಸ್ಕ್ಯಾನರ್ ತನ್ನದೂ ಒಂದು ಅಂಕಿ ಸೇರಿಸಿ, ಪಾಸ್‌ವರ್ಡ್ ಗೊತ್ತಿದ್ದವರು ಮಾತ್ರ ಕಟ್ಟಬಲ್ಲ ಉತ್ತರ ಕಳಿಸುತ್ತದೆ. ಡಬ್ಬಿ, ತನಗೂ ಪಾಸ್‌ವರ್ಡ್ ಗೊತ್ತಿದೆ ಎಂದು ತೋರಿಸುವ ಮರು ಉತ್ತರ ಕೊಡುತ್ತದೆ. ಕೊನೆಗೆ ಸ್ಕ್ಯಾನರ್ 'ತಿಳಿಯಿತು' ಎನ್ನುತ್ತದೆ. ಇಷ್ಟರಲ್ಲಿ ಪಾಸ್‌ವರ್ಡ್ ಒಮ್ಮೆಯೂ ಗಾಳಿಗೆ ಬರುವುದಿಲ್ಲ. ಒಂದು ಹೆಚ್ಚು ಹೊಡೆಯಬೇಕು ಎಂಬ ಮಾತನ್ನು ಕಾಕಾ ಆಗಲಿ ಮೌಲಾಲಿಯಾಗಲಿ ಉಕ್ಕಿನ ಮೂಲಕ ಹೇಳಿಕೊಂಡಿರಲಿಲ್ಲ. ಅದು ಇಬ್ಬರ ತಲೆಯಲ್ಲೂ ಮೊದಲೇ ಇತ್ತು.

ನಾನು ಆ ಚಿತ್ರವನ್ನು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಎಲ್ಲೋ ದೊಡ್ಡ ದೊಡ್ಡ ಗಣಿತದವರು ಕೂಡಿ ಕುಳಿತು ಕಟ್ಟಿದ್ದನ್ನು, ಹೆಬ್ಬೆಟ್ಟು ಒತ್ತಿ ಪಗಾರ ತೆಗೆದುಕೊಳ್ಳುವ ಒಬ್ಬ ಮನುಷ್ಯ ಒಂದು ಸಾವಿನ ದುಃಖದಲ್ಲಿ ಒಬ್ಬನೇ ಕಂಡುಕೊಂಡಿದ್ದ. ಎರಡೂ ಒಂದೇ ಎಂದರೆ ತಿಳಿದವರು ನಕ್ಕಾರು. ಕಾಕಾನ ಗುಟ್ಟನ್ನು ಪಕ್ಕದಲ್ಲಿ ನಿಂತು ನಾಲ್ಕು ಸಲ ಕೇಳಿದ ಯಾರಾದರೂ ಹಿಡಿದುಬಿಡಬಹುದು, ಡಬ್ಲ್ಯುಪಿಎ2ರದ್ದು ಹಾಗಲ್ಲ. ಮತ್ತೆ ಯಾರ್ಡಿಗೆ ಹೋದಾಗ ಈ ಕೊರತೆಯನ್ನು ನಾನು ಜಾಣತನ ತೋರಿಸಲು ಕಾಕಾಗೆ ಹೇಳಿಯೂ ಬಿಟ್ಟೆ, ನಿಮ್ಮ ಗುಟ್ಟು ಯಾರಾದರೂ ಕಲಿತುಕೊಂಡರೆ ಏನು ಮಾಡುತ್ತೀರಿ ಎಂದು.

"ಕಲೀಲಿ ಬಿಡ್ರಿ," ಎಂದರು. "ನಾಳೆ ಒಳಗ ಸಿಕ್ಕೊಂಡ್ರ ಅವಂಗೂ ಬೇಕಾಕ್ಕೈತಿ."

ಹೊರಗಿನವರನ್ನು ಹೊರಗಿಡುವುದೇ ಭದ್ರತೆ ಎಂದು ನಾನು ಏಳು ವರ್ಷದಿಂದ ನಂಬಿ ದುಡಿದಿದ್ದೆ. ಆ ಮುದುಕ ಭದ್ರತೆ ಮಾಡುತ್ತಿದ್ದುದು ಒಳಗಿದ್ದವನು ಒಳಗೇ ಉಳಿಯದಿರಲಿ ಎಂದು. ಅದಾದ ಮೇಲೂ ಹದಿನಾರು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಆಸ್ಪತ್ರೆಗೆ, ಬ್ಯಾಂಕಿಗೆ, ಹೋಟೆಲಿಗೆ ನೂರಾರು ಆಕ್ಸೆಸ್ ಪಾಯಿಂಟ್ ಹಾಕಿದ್ದೇನೆ. ಕೆಲಸ ಮುಗಿಯಿತು ಎಂದು ಸಹಿ ಮಾಡುವ ಮುಂಚೆ ಅದೇ ಹೆಸರಿನ ಒಂದು ಸುಳ್ಳು ಡಬ್ಬಿಯನ್ನು ಚೀಲದಿಂದ ತೆಗೆದು ಪಕ್ಕದಲ್ಲೇ ಹಚ್ಚುತ್ತೇನೆ. ಗಿರಾಕಿಯ ಯಂತ್ರ ಅದನ್ನು ನಂಬಿ ಹೋಗದಿದ್ದರೆ ಮಾತ್ರ ಪೆನ್ನು ತೆಗೆಯುತ್ತೇನೆ. ಸುದ್ದಿ ತಲುಪಿ, ತಲುಪಿದೆ ಎಂಬ ಉತ್ತರ ತಿರುಗಿ ಬರುವವರೆಗೆ ಬೀಪ್ ಎನ್ನಬಾರದು ಎಂದು ಸಾಫ್ಟ್‌ವೇರಿನವರೊಂದಿಗೆ ಜಗಳ ಕಾದಿದ್ದೇನೆ. ಇದನ್ನು ನನಗೆ ಯಾವ ಕೋರ್ಸೂ ಕಲಿಸಲಿಲ್ಲ.

ಆ ಯಾರ್ಡಿನ ಕೆಲಸವನ್ನೂ ಹಾಗೇ ಮುಗಿಸಿದೆ. ಹೆಸರು ಬದಲಿಸಿದೆ, ಪಾಸ್‌ವರ್ಡ್ ಹಾಕಿದೆ, ಗೋಡೆಯಾಚೆಯ ವರ್ಕ್‌ಶಾಪಿಗೂ ಹೋಗಿ ಅವರ ಡಬ್ಬಿಯನ್ನು ಸರಿಮಾಡಿ ಬಂದೆ. ಬಿಲ್ಲೆಯ ಹಲಗೆ ತನ್ನ ಮೊದಲಿನ ಜಾಗಕ್ಕೆ ಬಂತು. ಮೌಲಾಲಿ ಒಂಬತ್ತನೇ ದಿನ ಕೆಲಸಕ್ಕೆ ಬಂದ. ಆ ಸಂಜೆ ಟ್ಯಾಂಕ್ ಮುಚ್ಚುವ ಹೊತ್ತಿಗೆ ನಾನು ಡೆಕ್ಕಿನ ಮೇಲಿದ್ದೆ.

"ಈಗ ನಿಮ್ಮ ಡಬ್ಬಿ ಒಂದ ಹೆಚ್ಚ ಹೊಡೀತೈತೇನ್ರಿ ಬಾಯಾರ?" ಎಂದು ಕಾಕಾ ಕೇಳಿದರು.

"ಹೊಡೀತೈತ್ರಿ ಕಾಕಾ."

"ಚಲೋ ಆತು," ಎಂದು ಟವೆಲನ್ನು ಮ್ಯಾನ್‌ಹೋಲಿನ ಮೇಲೆ ಹಾಸಿದರು.

ಪರದೆಯಲ್ಲಿ ಸೊನ್ನೆ ಇತ್ತು. ಹಲಗೆಯ ಮೊಳೆಗಳು ಖಾಲಿ ಇದ್ದವು. ಫ್ರಾನ್ಸಿಸ್ ಬಾಬ್ ತಾವಾಗಿಯೇ ಕಂಪ್ರೆಸರ್ ನಿಲ್ಲಿಸಲು ಹೇಳಿದರು. ಕಾಕಾ ಮಂಡಿಯೂರಿ ಕುಳಿತು ಐದು ಹೊಡೆದರು. ಹನ್ನೊಂದು ಜನ, ಫ್ರಾನ್ಸಿಸ್ ಬಾಬ್, ನಾನು, ಎಲ್ಲರೂ ಬಾಯಿ ಮುಚ್ಚಿ ಎಣಿಸಿದೆವು. ಉಕ್ಕು ಐದನ್ನು ತಿರುಗಿ ಹೇಳಿತು. ಆರನೆಯದು ಬರಲಿಲ್ಲ. ಆದರೂ ಇನ್ನೂ ಸ್ವಲ್ಪ ಹೊತ್ತು ಕಾದೆವು. ಆಮೇಲೆ ಕಾಕಾ ಎದ್ದು, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ಆಗ ಮುಚ್ಚಳ ಇಳಿಸಿದರು.